ಲಂಗರಿನ ಪಕ್ಕದ ಹಲ್ಲು

ನೀರಿಗೆ ಮುಳುಗಲು ಹಾಕುವ ರಬ್ಬರ್ ಸೂಟಿನ ಜಿಪ್ಪು ಬೆನ್ನಿನ ನಡುವೆ ಸಿಕ್ಕಿಹಾಕಿಕೊಂಡು ಬರ್ಲ್ ಟಾಕೆಟ್ ತನ್ನ ಪಿಕಪ್ ಗಾಡಿಯ ಹಿಂದೆ ನಿಂತಲ್ಲೇ ಸುತ್ತುತ್ತಿದ್ದ. ಅದನ್ನು ನೋಡುತ್ತ ನಿಂತ ಎಮೆಟ್ ಕ್ರೆಸ್ಲರ್‌ಗೆ, ಸಹಾಯ ಮಾಡಬೇಕೆಂದು ಗೊತ್ತಿದ್ದೂ ಕೈ ಏಳಲಿಲ್ಲ. ಬರ್ಲ್‌ನ ಹೊಟ್ಟೆ ಒಂದು ಕಡೆ ಒಳಗೆ ಹೋದರೆ ಇನ್ನೊಂದು ಕಡೆ ಉಬ್ಬಿ ಬರುತ್ತಿತ್ತು. ಜೀವನವಿಡೀ ಓಹಾಯೋದಲ್ಲಿ ಜನರ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿ, ಮೊಣಕಾಲು ಸವೆದ ಮೇಲೆ ಬಿಸಿಲು ಹುಡುಕಿಕೊಂಡು ಫ್ಲಾರಿಡಾಗೆ ಬಂದವನು. ಸಮುದ್ರದ ತಳದಲ್ಲಿ ಯಾವ ಪದರ ಯಾವ ಕಾಲದ್ದೆಂದು ಕೇಳಿದರೆ ಕೆಮ್ಮುತ್ತಾನೆ, ಆದರೂ ಪ್ರತಿ ಚಳಿಗಾಲ ಅಂಗೈ ಮೀರುವ, ಕಲ್ಲಾದ ಶಾರ್ಕ್ ಹಲ್ಲು ಹಿಡಿದು ಮೇಲೆ ಬರುತ್ತಾನೆ. ಒಂದು ಚೂರೂ ಮುರಿಯದ, ತುದಿಯಿಂದ ಬೇರಿನವರೆಗೆ ಪೂರ್ತಿ ಇರುವ ಹಲ್ಲು. ಎಮೆಟ್ ಊರಿನ ನೀರಿನ ಕಚೇರಿಯಲ್ಲಿ ಮೀಟರ್ ಓದುತ್ತಿದ್ದ ದಿನಗಳಲ್ಲಿ ಸಂಜೆ ಕಾಲೇಜಿಗೆ ಹೋಗಿ ಭೂವಿಜ್ಞಾನ ಓದಿದವನು. ಅರ್ಧ ನಿದ್ದೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ತನಗಿಂತ ಮೂವತ್ತು ವರ್ಷ ಚಿಕ್ಕವರ ನಡುವೆ ಕೂತು. ಅವನ ಮನೆಯ ಪೆಟ್ಟಿಗೆಗಳಲ್ಲಿ ಇರುವುದೆಲ್ಲ ಮುರಿದವು: ಬೇರಿಲ್ಲದ ತುದಿ, ತುದಿಯಿಲ್ಲದ ಬೇರು, ಉದ್ದಕ್ಕೆ ಸೀಳಿದ ಅರ್ಧ. ಈ ಅಸಮಾನತೆಗೆ ವಿಜ್ಞಾನದಲ್ಲಿ ಕಾರಣವಿಲ್ಲ ಎಂಬುದೇ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

"ಏನ್ ಮೇಷ್ಟ್ರೇ, ಸುಮ್ನೆ ನೋಡ್ತಾ ನಿಂತ್ರಲ್ಲ. ಒಂದು ಚೂರು ಎಳೀರಿ," ಎಂದ ಬರ್ಲ್. ಮೇಷ್ಟ್ರು ಎಂಬುದು ಆ ಸಂಜೆ ಕಾಲೇಜಿನ ಕಾಣಿಕೆ. ಎಮೆಟ್ ಒಂದೇ ಸಾರಿ ಜಿಪ್ಪು ಎಳೆದ. ಕತ್ತಿನ ಚರ್ಮ ಸಿಕ್ಕಿ ಬರ್ಲ್ ಹಾ ಎಂದ. ಕ್ಷಮಿಸು ಎಂದು ಹೇಳುವಾಗ ಎಮೆಟ್‌ಗೆ ಸ್ವಲ್ಪ ಹಿತವಾಯಿತು, ಹಿತವಾಯಿತಲ್ಲ ಎಂದು ಕೂಡಲೇ ಹೇಸಿಗೆಯೂ ಆಯಿತು.

ಇವತ್ತು ಅವನ ಕೊನೆಯ ಮುಳುಗು. ಕಿವಿಯ ಡಾಕ್ಟರು ಎಡಗಿವಿಯ ತಮಟೆ ಇನ್ನೊಂದು ಚಳಿಗಾಲ ತಡೆಯುವುದಿಲ್ಲವೆಂದು ಹೇಳಿದ್ದ. ಎಮೆಟ್ ಹೇಗೋ ಒಂದು ದಿನ ಗಿಟ್ಟಿಸಿಕೊಂಡಿದ್ದ. ಅದನ್ನು ಯಾರಿಗೂ ಹೇಳಬೇಡ ಎಂದಿದ್ದರೂ ಹೆಂಡತಿ ಲೊರೇನ್ ಎಲ್ಲರಿಗೂ ಹೇಳಿದ್ದಳು. ಹಾಗಾಗಿ ಈ ಮಡಿಚುವ ಕುರ್ಚಿಗಳು, ಐಸ್ ಪೆಟ್ಟಿಗೆ, ಈ ವರ್ನಾ ಡುಗನ್. ವರ್ನಾ ನೀರಿಗೆ ಇಳಿಯುವವಳಲ್ಲ. ಎರಡು ವರ್ಷದ ಕೆಳಗೆ ತೀರಿಕೊಂಡ ಅವಳ ಗಂಡ ಹಾಯ್ಟ್, ಬರ್ಲ್ ಬರುವುದಕ್ಕೂ ಮೊದಲು ಎಮೆಟ್‌ನ ಜೊತೆಗಾರನಾಗಿದ್ದ. ನಿಂಬೆಹಣ್ಣಿನ ಪೈ ಇದ್ದ ತಟ್ಟೆಯನ್ನು ಎದೆಗೆ ಅವಚಿಕೊಂಡು ಗಾಡಿಯಿಂದ ಇಳಿದ ವರ್ನಾ, ಎಮೆಟ್‌ನ ಮುಖ ನೋಡದೆ ಅವನ ಭುಜ ತಟ್ಟಿದಳು. ಸಾವಿನ ಮನೆಗೆ ಬಂದವರ ಹಾಗೆ, ಅಂದುಕೊಂಡ ಎಮೆಟ್. ಒಬ್ಬ ಮನುಷ್ಯನ ಸೋಲನ್ನು ಪಿಕ್ನಿಕ್ ಮಾಡುತ್ತಿದ್ದಾರೆ, ಪೈ ತಂದು.

ದಂಡೆಯ ಮೇಲೆ ಆಗಲೇ ಪ್ರವಾಸಿಗಳು ಸೇರಿದ್ದರು. ಉದ್ದ ಹಿಡಿಯ ತಂತಿಬುಟ್ಟಿಗಳಿಂದ ಅಲೆಯ ಅಂಚಿನ ಮರಳು ಬಾಚಿ, ಉಗುರಿನಷ್ಟು ಪುಟ್ಟ ಕಪ್ಪು ಹಲ್ಲುಗಳಿಗಾಗಿ ಸೊಂಟ ಬಗ್ಗಿಸಿ ಹುಡುಕುವ ಜನ. ಒಬ್ಬಳು ಗಾಜಿನ ಚೂರನ್ನು ಗಂಡನಿಗೆ ತೋರಿಸಿ ಸಂಭ್ರಮಪಡುತ್ತಿದ್ದಳು. ಕೋಟಿ ವರ್ಷದ ಹಿಂದೆ ಬಸ್ಸಿನಷ್ಟು ಉದ್ದದ ಶಾರ್ಕುಗಳು ತಿಮಿಂಗಿಲಗಳನ್ನು ಕಚ್ಚಿ ಸೀಳಿದ ನೀರು ಇದು, ಈಗ ಇದರ ಬಾಯಲ್ಲಿ ಇಂಥವರು. ಉಸಿರಾಟದ ಗಾಳಿ ತುಂಬಿದ ಸಿಲಿಂಡರಿನ ಭಾರಕ್ಕೆ ಮುಂದಕ್ಕೆ ಬಾಗಿ, ಕಾಲಿಗೆ ಹಾಕುವ ರಬ್ಬರ್ ರೆಕ್ಕೆಗಳನ್ನು ಕೈಯಲ್ಲಿ ಹಿಡಿದು, ಬಾವುಟ ನೆಟ್ಟ ತೇಲುವ ಬಿಲ್ಲೆಯನ್ನು ಹಗ್ಗದಲ್ಲಿ ಎಳೆದುಕೊಂಡು ಅವರ ನಡುವೆ ಹಾದುಹೋಗುವಾಗ ತಾನು ಅವರಿಗೆ ಹೇಗೆ ಕಾಣುತ್ತಿರಬಹುದೆಂಬುದು ಎಮೆಟ್‌ಗೆ ಚೆನ್ನಾಗಿ ಗೊತ್ತಿತ್ತು. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಮುದಿ ಸೀಲ್. ಆದರೂ ಅವರನ್ನು ನೋಡಿದರೆ ಹೋದ ವರ್ಷದ ಆ ದಂತವೈದ್ಯನೇ ನೆನಪಾಗುತ್ತಿದ್ದ.

ಮಿಷಿಗನ್‌ನಿಂದ ಬಂದವನು. ಮೊದಲ ದಿನ, ಮೊದಲ ಮುಳುಗು. ಇಲ್ಲಿ ಹಳಬರದ್ದು ಒಂದು ಪದ್ಧತಿ: ಹೊಸಬರು ಯಾರಾದರೂ ಬಂದರೆ ಅವರು ಬರಿಗೈಯಲ್ಲಿ ಹೋಗಬಾರದೆಂದು ತಮ್ಮದೊಂದು ಹಲ್ಲನ್ನು ಗುಟ್ಟಾಗಿ ಕೆಳಗೆ ಒಯ್ದು ಬಿತ್ತುತ್ತಾರೆ. ಪ್ರತಿ ಮುಳುಗುಗಾರನೂ ತನ್ನ ಬಾವುಟದ ಹಗ್ಗದ ತುದಿಯ ಪುಟ್ಟ ಲಂಗರನ್ನು ಜಲ್ಲಿಯಲ್ಲಿ ಊರಿ, ಅದರ ಸುತ್ತ ಹುಡುಕಿ, ಕೊನೆಗೆ ಅದರ ಹತ್ತಿರವೇ ವಾಪಸ್ ಬರಬೇಕಲ್ಲ, ಹಾಗಾಗಿ ಬಿತ್ತುವುದು ಯಾವಾಗಲೂ ಲಂಗರಿನ ಪಕ್ಕದಲ್ಲೇ. ದಂಡೆಗೆ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆಯೂ ಒಂದೇ, ಎಲ್ಲಿ ಸಿಕ್ತು? ಹಳಬ ಇದಕ್ಕೆ ಸತ್ತರೂ ನಿಜ ಹೇಳುವುದಿಲ್ಲ, ಸಮುದ್ರದಲ್ಲಿ ಎನ್ನುತ್ತಾನೆ, ಇಲ್ಲವೇ ನೀರಿನಾಚೆ ಮೆಕ್ಸಿಕೋ ಕಡೆ ಕೈ ತೋರಿಸುತ್ತಾನೆ. ಹೊಸಬ ಮಾತ್ರ ಕಣ್ಣರಳಿಸಿ ಹೇಳುತ್ತಾನೆ, ಲಂಗರಿನ ಪಕ್ಕದಲ್ಲೇ! ಆಗ ಎಲ್ಲರೂ ಗಂಟಲಲ್ಲಿ ನಗು ಅದುಮಿಕೊಂಡು ಭಲೇ ಭಲೇ ಎನ್ನುತ್ತಾರೆ. ಆ ದಂತವೈದ್ಯ ಕುಣಿದುಬಿಟ್ಟಿದ್ದ. ಜೀವನವಿಡೀ ಜನರ ಹುಳುಕು ಹಲ್ಲು ಕಿತ್ತವನಿಗೆ ಕೈಯಲ್ಲಿದ್ದ ಹಲ್ಲು ಪಾಲಿಶ್ ಮಾಡಿದ್ದೆಂದು ಗೊತ್ತಾಗಲಿಲ್ಲ. ಎಲ್ಲರೂ ಅದುಮಿಕೊಂಡ ನಗುವನ್ನು ಎಮೆಟ್ ಒಬ್ಬ ಅದುಮಿಕೊಳ್ಳಲಾರದೆ ಬಹಿರಂಗವಾಗಿ ನಕ್ಕುಬಿಟ್ಟಿದ್ದ. ಒಂದೇ ಒಂದು ನಗು, ನಾಯಿ ಬೊಗಳಿದ ಹಾಗೆ. ಪಾಪದವನು ತನ್ನ ಸಂತೋಷಕ್ಕೆ ಎಮೆಟ್ ಸಂತೋಷಪಡುತ್ತಿದ್ದಾನೆಂದುಕೊಂಡು ಅವನ ಕೈ ಕುಲುಕಿದ್ದ. ಮನೆಗೆ ಹೋಗುವಾಗ ಕಾರಿನಲ್ಲಿ ಎಮೆಟ್, ಮುದುಕರಿಗೂ ಸಾಂಟಾ ಕ್ಲಾಸ್ ಬೇಕಾಗುತ್ತೆ ನೋಡು ಎಂದಾಗ ಲೊರೇನ್ ರೇಡಿಯೋ ಹಾಕಿದ್ದಳು.

ನೀರು ತಣ್ಣಗಿತ್ತು, ಮೇಲ್ಮೈ ಎಣ್ಣೆ ಹಚ್ಚಿದಂತೆ ನಯವಾಗಿತ್ತು. ಮಧ್ಯಾಹ್ನಕ್ಕೆ ಗಾಳಿ ಪಶ್ಚಿಮಕ್ಕೆ ತಿರುಗಿ ಸಂಜೆಗೆ ಉತ್ತರದ ಬಿರುಗಾಳಿ ಬರುತ್ತದೆಂದು ಹವಾಮಾನದವರು ಹೇಳಿದ್ದರು. ಅಂಥ ಗಾಳಿ ಒಂದು ರಾತ್ರಿ ಬೀಸಿದರೆ ತಳದ ಮರಳೆಲ್ಲ ಜಾಗ ಬದಲಿಸಿ, ಇವತ್ತು ಕಾಣುವ ಜಲ್ಲಿ ಹಾಸು ನಾಳೆ ಮೊಣಕಾಲುದ್ದ ಮರಳಿನ ಕೆಳಗೆ ಹೋಗಿರುತ್ತದೆ. ಬೆನ್ನ ಮೇಲೆ ಮಲಗಿ ಕಾಲು ಬಡಿಯುತ್ತ ಎಮೆಟ್ ದಂಡೆಯ ಕಡೆ ನೋಡುತ್ತ ಹೋದ. ನೀರಿನ ಟ್ಯಾಂಕು ಮಂಟಪದ ಚಾವಣಿಯ ಮೊನೆಯ ಹಿಂದೆ ಬರಬೇಕು. ಮೀನು ಹಿಡಿಯುವ ಕಟ್ಟೆಯ ತುದಿ ಆ ಒಂಟಿ ಪೈನ್ ಮರದ ಬುಡಕ್ಕೆ ತಾಗಬೇಕು. ಈ ಎರಡು ಗೆರೆಗಳೂ ಕೂಡುವ ಕಡೆ ಅವನ ಜಾಗ. ಬರ್ಲ್‌ನಂಥವರು ದಿಕ್ಕು ದೆಸೆಯಿಲ್ಲದೆ ಎಲ್ಲೋ ಮುಳುಗಿ ಎಲ್ಲೋ ಏಳುತ್ತಾರೆ. ಎಮೆಟ್ ಗೆರೆ ಹಿಡಿದು ಹೋಗುತ್ತಾನೆ, ಗೆರೆ ಹಿಡಿದು ಬರುತ್ತಾನೆ. ಇಷ್ಟು ಶಿಸ್ತಿಗೆ ಸಿಕ್ಕಿದ್ದು ಅರ್ಧ ಹಲ್ಲುಗಳು.

ಕೆಳಗಿಳಿಯುವಾಗ ಎಡಗಿವಿಯಲ್ಲಿ ಸೂಜಿ ಆಡಿತು. ಮೂಗು ಹಿಡಿದು ಊದಿದ, ಸೂಜಿ ಸ್ವಲ್ಪ ಹಿಂದೆ ಸರಿಯಿತು. ತಳದಲ್ಲಿ ಚಾಚಿದ ಕೈಯಷ್ಟು ದೂರ ಮಾತ್ರ ಕಾಣುತ್ತಿತ್ತು, ಅದರಾಚೆ ಹಸಿರು ಗಂಜಿ. ಲಂಗರು ಊರಿ, ಹಸ್ತವನ್ನು ಬೀಸಣಿಗೆಯಂತೆ ಆಡಿಸಿ ಮರಳು ಎಬ್ಬಿಸುತ್ತ, ತಿಮಿಂಗಿಲದ ಪಕ್ಕೆಲುಬಿನ ತುಂಡು, ಕಲ್ಲಾದ ಆಮೆಚಿಪ್ಪು, ಚೂರು, ಇನ್ನೊಂದು ಚೂರು ಎಲ್ಲವನ್ನೂ ಬೆರಳಿನಿಂದ ಓದುತ್ತ ಹೋದ. ಹಾಯ್ಟ್ ಡುಗನ್ ತನ್ನ ಆ ದೊಡ್ಡ ಹಲ್ಲು ಕಂಡದ್ದೂ ಇಂಥದ್ದೇ ಬೆಳಿಗ್ಗೆ. ಇಬ್ಬರೂ ಒಂದೇ ಹೊಂಡದ ಎರಡು ದಡದಲ್ಲಿ ಮರಳು ಬೀಸುತ್ತಿದ್ದರು, ಮುಖವಾಡದ ಗಾಜಿಗೆ ಗಾಜು ತಾಗುವಷ್ಟು ಹತ್ತಿರ. ಮರಳು ಇಳಿದಾಗ ಹಲ್ಲು ಹಾಯ್ಟ್‌ನ ಹೆಬ್ಬೆರಳಿನ ಕೆಳಗಿತ್ತು. ತಟ್ಟೆಯಷ್ಟು ಅಗಲ, ನೀಲಿ ಛಾಯೆಯ ಬೂದು, ಅಂಚಿನ ಗರಗಸ ನಿನ್ನೆ ಮಸೆದ ಹಾಗೆ, ಬೇರಿನ ಎಡಮೂಲೆಯಲ್ಲಿ ಮಾತ್ರ ಹೆಬ್ಬೆರಳು ಕೂರುವಷ್ಟು ಒಂದು ಕಚ್ಚು. ನೀರಿನೊಳಗೆ ಹಾಯ್ಟ್ ಅಳುತ್ತಿದ್ದನೋ ನಗುತ್ತಿದ್ದನೋ, ಗುಳ್ಳೆಗಳಲ್ಲಿ ತಿಳಿಯಲಿಲ್ಲ. ಎಮೆಟ್ ಅವನ ಬೆನ್ನು ತಟ್ಟಿದ್ದ. ಹಾಯ್ಟ್ ಸತ್ತಾಗ ವರ್ನಾ ತನ್ನ ಅಡುಗೆಮನೆಯ ಕಿಟಕಿಯಿಂದ ಆ ಹಲ್ಲು ತಂದು ಬಂದವರ ಕೈಯಿಂದ ಕೈಗೆ ದಾಟಿಸಿದ್ದಳು. ಅದು ಎಮೆಟ್‌ನ ಕೈಗೆ ಬಂದು ಅಲ್ಲೇ ಉಳಿಯಿತು. ಹೆಬ್ಬೆರಳು ತಾನಾಗಿ ಆ ಕಚ್ಚಿನಲ್ಲಿ ಕೂತಿತ್ತು. ಎಷ್ಟು ಹೊತ್ತಾಯಿತೋ. "ಎಮೆಟ್, ಅದು ವಾಪಸ್ ಬರ್ಬೇಕು ಕಣಪ್ಪ," ಎಂದಿದ್ದಳು ವರ್ನಾ, ಸಲಿಗೆಯಿಂದಲೇ. ಸಾವಿನ ಮನೆಯಲ್ಲಿ ನಗಲು ಕಾರಣ ಹುಡುಕುತ್ತಿದ್ದ ಜನ ಗೊಳ್ಳೆಂದಿದ್ದರು. ಕಿವಿ ಸುಡುತ್ತ ಅವನು ಹಲ್ಲನ್ನು ಮುಂದಿನವನಿಗೆ ದಾಟಿಸಿದ್ದ. ಆ ಮುಂದಿನವನು ಬರ್ಲ್.

ಅದೇ ಬರ್ಲ್ ಇವತ್ತು ನೊಣದ ಹಾಗೆ ಸುತ್ತುತ್ತಿದ್ದ. ಇಳಿದ ಕೂಡಲೇ ತನ್ನ ದಾರಿ ಹಿಡಿದು ಮಾಯವಾಗುವವನು ಇವತ್ತು ಹಸಿರು ಗಂಜಿಯ ಅಂಚಿನಲ್ಲಿ ಆಗಾಗ ಕರಿಯ ಗುಡ್ಡದಂತೆ ಕಾಣಿಸಿ ಮರೆಯಾಗುತ್ತಿದ್ದ. ಒಮ್ಮೆ ಎಮೆಟ್‌ನ ಹಗ್ಗಕ್ಕೇ ತಾಗಿಕೊಂಡು ಹೋದ. ದಾರಿ ತಪ್ಪಿರಬೇಕು ದಡ್ಡ, ಗೆರೆ ನೋಡಿಕೊಂಡು ಬರುವ ಅಭ್ಯಾಸವಿದ್ದರಲ್ಲವೇ. ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಕೆಳಗಿಳಿಯುತ್ತ ಬಂತು. ಎಮೆಟ್ ಹಗ್ಗ ಹಿಡಿದು ಲಂಗರಿನ ಕಡೆ ತೆವಳಿದ. ಸೊಂಟದ ಜಾಲರಿ ಚೀಲದಲ್ಲಿ ಚೂರುಗಳು ಒಂದಕ್ಕೊಂದು ತಾಗುತ್ತಿದ್ದವು. ಇಷ್ಟೇ, ಎಂದುಕೊಂಡ. ಇದನ್ನು ಒಪ್ಪಿಕೊಳ್ಳುವುದರಲ್ಲಿ ಒಂದು ಘನತೆಯೂ ಇದೆ. ಸಿಗಲಿಲ್ಲ, ಆದರೆ ಯಾರ ಹತ್ತಿರವೂ ಕೈಯೊಡ್ಡಲಿಲ್ಲ. ಲಂಗರು ಕೀಳಲು ಕೈ ಹಾಕಿದಾಗ ಗ್ಲೌಸಿನೊಳಗಿನ ಬೆರಳಿಗೆ ಏನೋ ಅಗಲವಾದದ್ದು ಸಿಕ್ಕಿತು. ಅಗಲ ಮುಗಿಯಲೇ ಇಲ್ಲ. ಗ್ಲೌಸ್ ಕಳಚಿದ. ಇಳಿಜಾರು, ಇನ್ನೊಂದು ಇಳಿಜಾರು, ಎರಡೂ ಕೂಡುವ ಮೊನೆ. ಪೂರ್ತಿ. ಎದೆ ಬಡಿತ ಕಿವಿಯ ನೋವಿನೊಳಗೆ ಹೊಕ್ಕು ಬಡಿಯಿತು. ಬಾಯಿಗೆ ಕಚ್ಚಿದ ರಬ್ಬರಿನ ಸುತ್ತ ಅವನು ಏನೋ ಕೂಗಿದ. ಏನೆಂದು ಅವನಿಗೇ ಗೊತ್ತಿಲ್ಲ. ಬಹುಶಃ ಅಮ್ಮಾ ಎಂದಿರಬೇಕು. ಒಂದು ಉಸಿರಿನಷ್ಟು ಹೊತ್ತು ಜಗತ್ತಿನಲ್ಲಿ ಬರ್ಲ್ ಇರಲಿಲ್ಲ, ಸಂಜೆ ಕಾಲೇಜು ಇರಲಿಲ್ಲ.

ಮರುಕ್ಷಣ ಬೆರಳು ಓದತೊಡಗಿತು. ಓದುವುದನ್ನು ಅದಕ್ಕೆ ಅವನೇ ಕಲಿಸಿದ್ದ. ತಳದಲ್ಲಿ ಬಿದ್ದ ಹಲ್ಲಿನ ಮೇಲೆ ಹುಳುಗಳು ಕಟ್ಟುವ ಸುಣ್ಣದ ಕೊಳವೆ ಒಂದೂ ಇಲ್ಲ. ಚಿಪ್ಪಿನ ಗಂಟಿಲ್ಲ. ಎಷ್ಟೋ ವರ್ಷ ಉಜ್ಜಿ ಎಣ್ಣೆ ಕುಡಿಸಿದ ನುಣುಪು. ಆಮೇಲೆ ಹೆಬ್ಬೆರಳು ತಾನಾಗಿ ಎಡಮೂಲೆಗೆ ಜಾರಿ, ತನ್ನ ಹಳೆಯ ಕುರ್ಚಿಯಲ್ಲಿ ಕೂರುವ ಹಾಗೆ ಆ ಕಚ್ಚಿನಲ್ಲಿ ಕೂತಿತು.

ಹಾಯ್ಟ್‌ನ ಹಲ್ಲು. ಎಲ್ಲ ಒಟ್ಟಿಗೆ ಅರ್ಥವಾಯಿತು, ಮುಖ ನೋಡದೆ ಭುಜ ತಟ್ಟಿದ್ದು, ಪೈ, ಸುತ್ತುತ್ತಿದ್ದ ಆ ಗುಡ್ಡ. ಲೊರೇನ್‌ಗೂ ಗೊತ್ತಿದೆ, ಅದಕ್ಕೇ ಬೆಳಿಗ್ಗೆಯಿಂದ ಅಷ್ಟು ಮೆತ್ತಗೆ ಮಾತಾಡುತ್ತಿದ್ದಳು. ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತು ನಿರ್ಧರಿಸಿರಬೇಕು: ಪಾಪ, ಎಮೆಟ್. ಪಾಪ ಎಂಬ ಆ ಮಾತು ಅವರ ಬಾಯಲ್ಲಿ ಕಾಫಿಯ ಜೊತೆ ಹೇಗೆ ತಿರುಗಿರಬೇಕೆಂದು ಅವನು ಸ್ಪಷ್ಟವಾಗಿ ಕೇಳಿದ. ತನ್ನನ್ನು ಆ ದಂತವೈದ್ಯನ ಸಾಲಿಗೆ ಕೂರಿಸಿದ್ದಾರೆ. ಅವನಿಗಾದರೂ ಗೊತ್ತಾಗಲಿಲ್ಲ. ತನಗೂ ಗೊತ್ತಾಗುವುದಿಲ್ಲ ಎಂದುಕೊಂಡರೇ! ಅಥವಾ ಗೊತ್ತಾದರೂ ಬಾಲ ಆಡಿಸುತ್ತಾನೆ ಎಂದುಕೊಂಡರೇ? ಯಾವುದು ಹೆಚ್ಚು ಅವಮಾನವೆಂದು ಅವನು ಪ್ರಾಮಾಣಿಕವಾಗಿ ಲೆಕ್ಕ ಹಾಕಲು ನೋಡಿದ. ಆಮೇಲೆ ಹಲ್ಲನ್ನು ಮೊನೆ ಕೆಳಗಾಗಿ ಜಲ್ಲಿಗೆ ಒತ್ತಿ, ಹಸ್ತ ಬೀಸಿ ಮರಳು ಮುಚ್ಚಿದ. ಏನು ಸಿಕ್ಕಿತು ಎಂದು ಅವರು ಕೇಳಿದರೆ ಏನೂ ಇಲ್ಲ ಎನ್ನಬೇಕು, ಅದು ಸುಳ್ಳಾಗಬಾರದು. ಸುಳ್ಳು ಹೇಳಿದರೆ ಅವನಿಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ಸೊಂಟದ ಚೀಲ ಬಿಚ್ಚಿ ಬೆಳಗಿನ ಚೂರುಗಳನ್ನೆಲ್ಲ ಅಲ್ಲೇ ಸುರಿದ. ಅವು ಸಣ್ಣ ಗುಪ್ಪೆಯಾಗಿ ಬಿದ್ದವು. ಲಂಗರು ಕಿತ್ತುಕೊಂಡು, ಕೈಯಲ್ಲೂ ಚೀಲದಲ್ಲೂ ಏನೂ ಇಲ್ಲದೆ, ನಿಜವಾದ ಬರಿಗೈಯಲ್ಲಿ ಮೇಲೆ ಬಂದ.

ದಂಡೆಯಲ್ಲಿ ಮೂವರೂ ಎದ್ದು ನಿಂತಿದ್ದರು. ಬರ್ಲ್ ಮೊದಲೇ ಬಂದು ಸೂಟನ್ನು ಸೊಂಟದವರೆಗೆ ಇಳಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು, ಹಬ್ಬದ ಬೆಳಿಗ್ಗೆಯ ಮಕ್ಕಳ ಮುಖ ಮಾಡಿಕೊಂಡಿದ್ದ. ಲೊರೇನ್ ಕೈಯಲ್ಲಿ ಕ್ಯಾಮೆರಾ. ಎಮೆಟ್ ಅವಸರವಿಲ್ಲದೆ ಕಾಲಿನ ರೆಕ್ಕೆ ಕಳಚಿದ, ಸಿಲಿಂಡರ್ ಇಳಿಸಿದ, ಮುಖ ಒರೆಸಿಕೊಂಡ. ಏನು ಸಿಕ್ಕಿತೆಂದು ಲೊರೇನ್ ಕೇಳಿದಾಗ ಖಾಲಿ ಚೀಲವನ್ನು ಒಳಗುಹೊರಗು ಮಾಡಿ ತೋರಿಸಿದ. "ಏನೂ ಇಲ್ಲ."

ಅವರ ಪೇಚಾಟವನ್ನು ಅವನು ತುಟಿ ಚಪ್ಪರಿಸಿ ಸವಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡದಿರಲು ಪಡುತ್ತಿದ್ದ ಪಾಡು! ಕೇಳುವಂತಿಲ್ಲ, ಬಿಡುವಂತಿಲ್ಲ. ಬಿತ್ತಿದವರು ಬಿತ್ತಿದ್ದೇವೆಂದು ಹೇಳಬಾರದೆಂಬ ನಿಯಮವೂ ಅವರದ್ದೇ. ಬರ್ಲ್ ಟವೆಲ್ಲಿನ ಅಂಚು ತಿರುಚಿದ, ಕೆಮ್ಮಿದ, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಲಂಗರಿನ ಹತ್ರ ಸರಿಯಾಗಿ ನೋಡಿದ್ರಾ ಮೇಷ್ಟ್ರೇ?"

"ಅಲ್ಲಿ ಯಾಕೆ ನೋಡ್ಲಿ? ಅಲ್ಲಿ ಸಿಗೋದು ಹೊಸಬರಿಗೆ," ಎಂದ ಎಮೆಟ್. ಹೇಳುವಾಗ ಪೈ ಕಡೆಗೇ ನೋಡಿದ.

ಪೈ ಕತ್ತರಿಸುತ್ತಿದ್ದ ವರ್ನಾಳ ಚಾಕು ನಿಂತಿತು. ನಿಂತು, ಮತ್ತೆ ನಡೆಯಿತು. ಅವಳು ಅತಿ ದೊಡ್ಡ ತುಂಡನ್ನೇ ಕಾಗದದ ತಟ್ಟೆಯಲ್ಲಿಟ್ಟು ಎಮೆಟ್‌ಗೆ ಕೊಟ್ಟಳು. ಅವಳು ಹಾಯ್ಟ್‌ನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದದ್ದು ಅವನಿಗೆ ಆಗ ಕಂಡಿತು, ಲೇಸು ಎರಡು ಸುತ್ತು ಬಿಗಿದು. ಅವಳು ಈಗ ಅಳಬಹುದು, ಇಲ್ಲವೇ ಬರ್ಲ್‌ನನ್ನು ಪಕ್ಕಕ್ಕೆ ಕರೆದು ಗುಸುಗುಸು ಮಾಡಬಹುದು, ಎರಡಕ್ಕೂ ಅವನು ತಯಾರಿದ್ದ, ಎರಡಕ್ಕೂ ಮನಸ್ಸಿನಲ್ಲಿ ಮಾತು ಸಿದ್ಧವಿತ್ತು. ಅವಳು ಕುರ್ಚಿಯಲ್ಲಿ ಕೂತು ನೀರಿನ ಕಡೆ ನೋಡುತ್ತ ಬೇರೆ ಏನೋ ಹೇಳಿದಳು. ಹಾಯ್ಟ್‌ಗೆ ಆ ಹಲ್ಲು ಯಾವತ್ತೂ ಪೂರ್ತಿ ತನ್ನದು ಅನ್ನಿಸಿರಲಿಲ್ಲವಂತೆ. ಕಿಟಕಿಯಲ್ಲಿ ಒರೆಸಿಡುವಾಗೆಲ್ಲ ಹೇಳುತ್ತಿದ್ದನಂತೆ, ಆ ಹೊಂಡ ಮೊದಲು ನೋಡಿದವನು ಎಮೆಟ್, ಕೈಸನ್ನೆ ಮಾಡಿ ಕರೆದವನೂ ಅವನೇ ಎಂದು.

"ನೀನು ಕರೀದೇ ಇದ್ದಿದ್ರೆ ಅವ್ನು ಅಲ್ಲಿಗೆ ಬರ್ತಾನೇ ಇರ್ಲಿಲ್ಲ ಅಂತಿದ್ದ. ನನಗೆ ಇದನ್ನ ನಿಂಗೆ ಹೇಳಕ್ಕೆ ಎರಡು ವರ್ಷ ಆಯ್ತು ನೋಡು. ಹೇಳಿದ್ರೆ ಎಲ್ಲಿ ಹಲ್ಲು ಕೇಳ್ತೀಯೋ ಅಂತ ಭಯ ಇತ್ತು."

ಅವಳು ಸ್ವಲ್ಪ ನಕ್ಕಳು. ಎಮೆಟ್ ಪೈ ಬಾಯಿಗಿಟ್ಟ. ಹುಳಿಯಾಗಿತ್ತು, ಸರಿಯಾಗಿಯೇ ಇತ್ತು. ಕೈಸನ್ನೆ ಮಾಡಿದ್ದು ಅವನಿಗೆ ನೆನಪೇ ಇರಲಿಲ್ಲ. ತನ್ನ ಪಾಲಿನ ಪ್ರತಿ ಅನ್ಯಾಯವನ್ನೂ ಬೆರಳಲ್ಲಿ ಓದಿ ಪೆಟ್ಟಿಗೆಯಲ್ಲಿಟ್ಟುಕೊಂಡವನಿಗೆ ತಾನು ಮಾಡಿದ ಒಂದು ಒಳ್ಳೆಯ ಕೆಲಸ ಮರೆತುಹೋಗಿತ್ತು. ಇದೂ ಕರುಣೆಯೇ, ಇನ್ನೂ ಜಾಣತನದ್ದು, ಎಂದುಕೊಳ್ಳಲು ನೋಡಿದ. ಆ ಯೋಚನೆ ಹಲ್ಲಿಲ್ಲದ ಬಾಯಿಯಂತೆ ಏನನ್ನೂ ಕಚ್ಚಲಿಲ್ಲ. ಅವಳು ಕೊಟ್ಟದ್ದು ಅವನಿಗೆ ಸಲ್ಲಬೇಕಾದ ಬಾಕಿಯೆಂದು, ತಾನು ಹೂತದ್ದು ಭಿಕ್ಷೆಯೆಂದು. ಈಗ ಆ ಹಲ್ಲು ಇಪ್ಪತ್ತಡಿ ನೀರಿನ ಕೆಳಗೆ, ಯಾರದ್ದೂ ಅಲ್ಲದೆ ನಿಂತಿದೆ.

ಕಾಗದದ ತಟ್ಟೆ ಅವನ ತೊಡೆಯಿಂದ ಹಾರಿತು. ಗಾಳಿ ತಿರುಗಿತ್ತು. ಎಣ್ಣೆಯಂತಿದ್ದ ನೀರು ಆಗಲೇ ಸುಕ್ಕುಗಟ್ಟಿ, ದೂರದಲ್ಲಿ ಬಿಳಿ ಮೊನೆಗಳು ಏಳುತ್ತಿದ್ದವು. ಬರ್ಲ್ ಇದ್ದಕ್ಕಿದ್ದಂತೆ ಎದ್ದು ಮತ್ತೆ ತನ್ನ ಸೂಟಿನೊಳಗೆ ತೋಳು ತೂರಿಸತೊಡಗಿದ. ತಳದಲ್ಲಿ ನನ್ನ ಚಾಕು ಬಿಟ್ಟುಬಂದಿದ್ದೇನೆ, ನೋಡಿ ಬರುತ್ತೇನೆ ಎಂದ. ಚಾಕು ಅವನ ಕಾಲಿಗೇ ಕಟ್ಟಿತ್ತು. ಅವನ ಮುಖ ಬಿಳಿಚಿದ್ದನ್ನು ಎಮೆಟ್ ನೋಡಿದ. ಬಿತ್ತಿದವನು ಅವನು, ಕಳೆದರೆ ಕಳೆದವನೂ ಅವನೇ. ಆದರೆ ಬಾವುಟ ಕಿತ್ತಾಗಿದೆ. ಇಡೀ ಸಮುದ್ರದಲ್ಲಿ ಆ ಜಾಗ ಎಲ್ಲಿದೆಯೆಂದು ಈ ಗುಡ್ಡಕ್ಕೆ ಹೇಗೆ ತಿಳಿಯಬೇಕು. ಗೆರೆಗಳು ಗೊತ್ತಿರುವುದು ಒಬ್ಬನಿಗೆ.

"ಕೂತ್ಕೋ ಬರ್ಲ್. ನಾನು ಇನ್ನೊಂದ್ಸಲ ಹೋಗ್ತೀನಿ, ನನ್ನ ಹತ್ರ ಇನ್ನೊಂದು ಸಿಲಿಂಡರ್ ಇದೆ," ಎಂದ ಎಮೆಟ್.

"ನಿನ್ನ ಕಿವಿ," ಎಂದಳು ಲೊರೇನ್.

"ಇವತ್ತು ಹೆಂಗಿದ್ರೂ ಕೊನೇದಲ್ವಾ."

ಅವಳು ಅವನನ್ನೇ ನೋಡಿದಳು. ರೇಡಿಯೋ ಹಾಕುವಾಗ ನೋಡುವ ನೋಟ. ಆದರೆ ಸಿಲಿಂಡರನ್ನು ಎತ್ತಿ ಹಿಡಿದವಳು ಅವಳೇ. ಬಾರು ಬಿಗಿಯುವಾಗ, ಅವನಿಗೆ ಮಾತ್ರ ಕೇಳುವಂತೆ, ಹುಚ್ಚ ಎಂದಳು.

ಟ್ಯಾಂಕು, ಮೊನೆ. ಕಟ್ಟೆ, ಪೈನ್ ಮರ. ಅಲೆ ಎತ್ತಿ ಇಳಿಸುವಾಗ ಟ್ಯಾಂಕು ಮೊನೆಯಿಂದ ತಪ್ಪಿ ತಪ್ಪಿ ಹೋಗುತ್ತಿತ್ತು. ಬಾಯಿಗೆ ನೀರು ನುಗ್ಗಿತು. ಇಳಿಯುವಾಗ ಎಡಗಿವಿಯಲ್ಲಿ ಸೂಜಿಯ ಬದಲು ಮೊಳೆ ಹೊಡೆದಂತಾಯಿತು. ಹಾಳಾಗಲಿ ಎಂದುಕೊಂಡು ಇನ್ನೂ ಇಳಿದ. ತಳ ಕಾಣಲಿಲ್ಲ, ತಾಗಿತು. ಗಂಜಿ ಈಗ ಕೆಸರಾಗಿತ್ತು. ಅಲೆಯ ಸೆಳೆತ ಅವನನ್ನು ದಂಡೆಯ ಕಡೆ ತಳ್ಳಿ, ಮತ್ತೆ ಎಳೆದು, ಬಟ್ಟೆ ಒಗೆದಂತೆ ಆಡಿಸುತ್ತಿತ್ತು. ಲಂಗರನ್ನು ಕಂಕುಳಲ್ಲಿ ಅವಚಿ, ಇನ್ನೊಂದು ಕೈಯಲ್ಲಿ ತಳ ಸವರುತ್ತ ಅವನು ತೆವಳಿದ. ಇಷ್ಟು ವರ್ಷ ಅವನು ಯಾವುದಾದರೊಂದು ಹಲ್ಲು ಹುಡುಕುತ್ತಿದ್ದ. ಇದೇ ಹಲ್ಲು ಬೇಕೆಂದು ಹುಡುಕುವುದು ಬೇರೆಯೇ ಕೆಲಸ, ಜನಜಂಗುಳಿಯಲ್ಲಿ ಕೈಬಿಟ್ಟ ಮಗುವನ್ನು ಹುಡುಕಿದಂತೆ. ಪಕ್ಕೆಲುಬು. ಕಲ್ಲು. ಬಿಯರ್ ಬಾಟಲಿ. ಪಕ್ಕೆಲುಬು. ಹುಡುಕುತ್ತಲೇ ತನ್ನನ್ನು ತಾನು ಮನಸಾರೆ ಬೈದುಕೊಂಡ. ಜೀವಮಾನದಲ್ಲಿ ಒಂದೇ ಒಂದು ಸಾರಿ ಪೂರ್ತಿ ಹಲ್ಲು ಕೈಗೆ ಬಂತು, ಅದನ್ನು ಹೂತು, ಬಹಳ ಘನತೆಯಿಂದ, ಖಾಲಿ ಚೀಲ ತೋರಿಸಿದ ಮಹಾನುಭಾವ. ಚೀಲ ಖಾಲಿ ಮಾಡಿಕೊಂಡರೆ ಸತ್ಯ ಹೇಳಿದ ಹಾಗಾಯಿತೆಂದು ನಂಬಿದ ಮಹಾ ಪ್ರಾಮಾಣಿಕ.

ಮುಳ್ಳು ಅರ್ಧ ಇಳಿದಿತ್ತು. ಆಗ ಬೆರಳಿಗೆ ಒಂದರ ಮೇಲೊಂದು ಚೂರುಗಳು ಸಿಕ್ಕವು. ಬೇರಿಲ್ಲದ ತುದಿ, ತುದಿಯಿಲ್ಲದ ಬೇರು, ಸೀಳಿದ ಅರ್ಧ. ಸಮುದ್ರ ಹೀಗೆ ಗುಪ್ಪೆ ಹಾಕುವುದಿಲ್ಲ. ಅದು ಅವನು ಸುರಿದ ಗುಪ್ಪೆ, ಅಲೆ ಅರ್ಧ ಚದುರಿಸಿ ಅರ್ಧ ಉಳಿಸಿದ್ದು. ಸೆಳೆತಕ್ಕೆ ಕೊಚ್ಚಿ ಹೋಗದಿರಲು ಲಂಗರನ್ನು ಅದರ ಪಕ್ಕಕ್ಕೇ ಊರಿ, ಹಗ್ಗವನ್ನು ಮಣಿಕಟ್ಟಿಗೆ ಸುತ್ತಿ, ಎರಡೂ ಕೈಯಿಂದ ಜಲ್ಲಿ ಬಗೆದ. ಉಗುರಿನ ಸಂದಿ ಹರಿಯಿತು. ಹೂತ ಜಾಗದಲ್ಲಿ ಇರಲಿಲ್ಲ. ಮತ್ತೆ ಸೆಳೆತ ಅವನನ್ನು ತಿರುಗಿಸಿತು, ಮೊಣಕೈ ಲಂಗರಿನ ಬುಡಕ್ಕೆ ಬಡಿಯಿತು, ಅಲ್ಲಿ, ಲಂಗರಿನ ಕಬ್ಬಿಣಕ್ಕೆ ಒರಗಿಕೊಂಡು, ನುಣುಪಾದ ಇಳಿಜಾರು. ಹೆಬ್ಬೆರಳು ತನ್ನ ಜಾಗಕ್ಕೆ ಹೋಯಿತು.

ದಂಡೆಯ ಹತ್ತಿರ ಅಲೆ ಅವನನ್ನು ಬೀಳಿಸಿತು. ಎದ್ದ, ಮತ್ತೆ ಬಿದ್ದ. ತಂತಿಬುಟ್ಟಿಯ ಪ್ರವಾಸಿಗಳು ನಿಂತು ನೋಡುತ್ತಿದ್ದರು. ಒಬ್ಬಳು ಫೋನ್ ಎತ್ತಿ ಹಿಡಿದಳು. ಕೊನೆಗೆ ಬರ್ಲ್ ಸೊಂಟದವರೆಗೆ ನೀರಿಗೆ ಇಳಿದು, ಸಿಲಿಂಡರಿನ ಹಿಡಿ ಹಿಡಿದು ಅವನನ್ನು ಮೂಟೆಯ ಹಾಗೆ ಮರಳಿಗೆ ಎಳೆದು ಹಾಕಿದ. ಎಮೆಟ್‌ನ ಮೂಗಿನಿಂದ ರಕ್ತ ಬರುತ್ತಿತ್ತು. ಎಡಗಿವಿಯಲ್ಲಿ ಗಾಳಿಯೂ ಇಲ್ಲ, ಅಲೆಯೂ ಇಲ್ಲ, ಹತ್ತಿ ತುಂಬಿದ ಮೌನ. ಮೊಣಕಾಲ ಮೇಲೆ ಕೂತು ಅವನು ಸೂಟಿನ ಎದೆಯೊಳಗಿನಿಂದ ಹಲ್ಲು ತೆಗೆದು ಮೇಲೆತ್ತಿದ. ಕೈಯನ್ನು ಇನ್ನೂ ಮೇಲೆತ್ತಬೇಕು, ಹೊಸಬರು ಎತ್ತುವುದು ಹಾಗೆಯೇ. ಎತ್ತಿದ.

ವರ್ನಾ ಓಡಿ ಬಂದಳು, ಬೂಟಿನಲ್ಲಿ ಕಾಲು ಜಾರುತ್ತ. ಅವಳು ಹಲ್ಲು ಮುಟ್ಟಲಿಲ್ಲ, ಬಗ್ಗಿ ನೋಡಿದಳು ಅಷ್ಟೇ, ಮೊದಲ ಸಲ ನೋಡುವವಳ ಹಾಗೆ. ಆ ನಟನೆ ಎಷ್ಟು ಕೆಟ್ಟದಾಗಿತ್ತೆಂದರೆ ಎಮೆಟ್‌ಗೆ ಬೇರೆ ಕಡೆ ನೋಡಬೇಕಾಯಿತು. ನೋಡಿದ ಕಡೆ ಬರ್ಲ್ ಇದ್ದ. ಪದ್ಧತಿ ಬಿಡಲಾಗದೆ ಅವನು ಕೇಳಬೇಕಾದದ್ದನ್ನು ಕೇಳಿದ.

"ಎಲ್ಲಿ ಸಿಕ್ತು ಮೇಷ್ಟ್ರೇ?"

ಸಮುದ್ರದಲ್ಲಿ ಎನ್ನಬಹುದಿತ್ತು. ಮೆಕ್ಸಿಕೋ ಕಡೆ ಕೈ ತೋರಿಸಬಹುದಿತ್ತು. ಹಳಬರ ಉತ್ತರಗಳೆಲ್ಲ ಅವನ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು.

"ಲಂಗರಿನ ಪಕ್ಕದಲ್ಲೇ," ಎಂದ ಎಮೆಟ್.

ಯಾರೂ ನಗಲಿಲ್ಲ. ಬರ್ಲ್ ಮರಳು ನೋಡಿದ, ಲೊರೇನ್ ಕ್ಯಾಮೆರಾ ಇಳಿಸಿದಳು. ವರ್ನಾ ತನ್ನ ಎರಡೂ ಕೈಗಳಿಂದ ಅವನ ಬೆರಳುಗಳನ್ನು ಆ ಹಲ್ಲಿನ ಸುತ್ತ ಮಡಚಿ ಮುಚ್ಚಿದಳು, ಮುಚ್ಚಿ ಹಾಗೇ ಹಿಡಿದುಕೊಂಡಳು. ಎಮೆಟ್ ಕಾಯುತ್ತ ಕೂತ. ಇಲ್ಲೊಂದು ನಗು ಬರಬೇಕಿತ್ತು, ಬಾರದಿದ್ದರೆ ಇದು ಮುಗಿಯುವುದಿಲ್ಲ. ಕೊನೆಗೆ ಅದು ಬಂತು, ಕೇಳುವ ಒಂದೇ ಕಿವಿಗೆ ಎಲ್ಲೋ ದೂರದಿಂದ ಬಂದಂತೆ, ನಾಯಿ ಬೊಗಳಿದ ಹಾಗೆ. ಯಾರು ನಕ್ಕರೆಂದು ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.